ಉಡುಪು ಯಾವಾಗ ವೇಷವಾಗುತ್ತದೆ?

ಕನ್ನಡದಲ್ಲಿ ಒಂದು ಗಾದೆಯಿದೆ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಉರ್ದುವಿನಲ್ಲೂ ಇದರ ಒಡಹುಟ್ಟಿದಂಥ ಮಾತೊಂದಿದೆ: ಖಾಯಿಯೇ ಮನ್ ಭಾತಾ, ಪಹನಿಯೇ ಜಗ್ ಭಾತಾ. ನಿನ್ನ ಮನಸ್ಸಿಗೆ ಹಿಡಿಸಿದ್ದನ್ನು ಉಣ್ಣು, ಲೋಕಕ್ಕೆ ಒಪ್ಪುವುದನ್ನು ಉಡು. ಎರಡು ಭಾಷೆಗಳ ಹಿರಿಯರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆಂದರೆ ಅದರಲ್ಲಿ ಅನುಭವದ ತಿರುಳು ಇರಲೇಬೇಕು. ಉಂಡದ್ದು ಹೊಟ್ಟೆಗೆ ಹೋಗಿ ಮರೆಯಾಗುತ್ತದೆ. ಉಟ್ಟದ್ದು ಮೈಮೇಲೆ ಉಳಿದು, ನಾವು ಬಾಯಿ ತೆರೆಯುವ ಮೊದಲೇ ಎದುರಿನವರ ಜೊತೆ ಮಾತಿಗೆ ನಿಲ್ಲುತ್ತದೆ.

ಆದರೆ ಈ ಗಾದೆಗಳು ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿವೆ. ಲೋಕಕ್ಕೆ ಒಪ್ಪುವಂತೆ ಉಡು ಎನ್ನುವಾಗ ಆ ಲೋಕ ಯಾವುದು? ನೆರೆಹೊರೆಯೇ, ಸರ್ಕಾರವೇ, ಬಜಾರೇ, ಅಥವಾ ತೀರಿಹೋದ ಅಜ್ಜ ಅಜ್ಜಿಯರೇ? ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹಬ್ಬವೂ ಅಲ್ಲದ, ಮದುವೆಯೂ ಇಲ್ಲದ ಒಂದು ಸಾಧಾರಣ ಮಂಗಳವಾರ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ತನ್ನ ನಾಡಿನ ಸಾಂಪ್ರದಾಯಿಕ ಉಡುಪು ತೊಟ್ಟು, ಟ್ರಾಮ್ ಹತ್ತಿ ಕಚೇರಿಗೆ ಹೊರಟಳು ಎಂದುಕೊಳ್ಳೋಣ. ನೋಡಿದವರ ಮನಸ್ಸಿನಲ್ಲಿ ಏನೇನೋ ಹಾದುಹೋಗುತ್ತದೆ. ಹೋಟೆಲಿನಲ್ಲಿ ಬಡಿಸುವವಳಿರಬೇಕು ಎಂದು ಒಬ್ಬರು. ಪ್ರವಾಸಿಗರ ಮುಂದೆ ಕುಣಿಯಲು ಹೊರಟವಳು ಎಂದು ಇನ್ನೊಬ್ಬರು. ಹಳೆಯ ಜರ್ಮನಿಯ ಕನಸು ಕಾಣುವ ಬಲಪಂಥೀಯಳೇ ಎಂದು ಮೂರನೆಯವರು. ಅವಳನ್ನೇ ಕೇಳಿದರೆ, 'ಹಗುರವಾಗಿದೆ, ಇಷ್ಟವಾಗುತ್ತದೆ, ಅಷ್ಟೇ' ಎನ್ನಬಹುದು. ಅಷ್ಟು ಸರಳವಾಗಿ ಉತ್ತರಿಸುವ ಹಕ್ಕು ಅವಳಿಗಿದೆಯೇ? ಮೇಲ್ನೋಟಕ್ಕೆ ಇದು ಬಟ್ಟೆಯ ಪ್ರಶ್ನೆ. ಒಳಗೆ ಇಳಿದರೆ ನೀತಿಯ ಪ್ರಶ್ನೆ. ಜರ್ಮನಿಯ ಈ ಉಡುಪು ಜೀತದವರ ಮೈಯಿಂದ ಅರಮನೆಗೆ, ಅರಮನೆಯಿಂದ ಅಂಗಡಿಗೆ, ಅಲ್ಲಿಂದ ಸರ್ವಾಧಿಕಾರಿಯ ಕೈಗೆ, ಈಗ ಮತ್ತೆ ಮಾರುಕಟ್ಟೆಗೆ ಬಂದು ನಿಂತಿದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಅಲ್ಲಿಟ್ಟು ನೋಡುವುದು ಒಳ್ಳೆಯದೆಂದು ನಮಗೆ ಅನ್ನಿಸಿದೆ.

ಜರ್ಮನ್ನರು ಇಂಥ ಉಡುಪನ್ನು ಟ್ರಾಖ್ಟ್ ಎನ್ನುತ್ತಾರೆ. ತೊಡು ಮತ್ತು ಹೊರು ಎಂಬ ಎರಡೂ ಅರ್ಥವುಳ್ಳ ಟ್ರಾಗನ್ ಎಂಬ ಕ್ರಿಯಾಪದದ ಸಂಬಂಧಿ ಈ ಮಾತು. ಮೈಮೇಲೆ ಹೊತ್ತದ್ದು ಎಂದು ಅರ್ಥ ಮಾಡಿಕೊಳ್ಳಬಹುದು. ಇದನ್ನು ಕಾಪಾಡಿಕೊಂಡು ಬಂದ ಸಂಘಗಳವರ ಮುಂದೆ ಟ್ರಾಖ್ಟನ್ನು ಕಾಸ್ಟ್ಯೂಮ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮಲ್ಲೂ ಉಡುಪು ಬೇರೆ, ವೇಷ ಬೇರೆ. ವೇಷವನ್ನು ಆಟಕ್ಕೆಂದು ಕಟ್ಟುತ್ತೇವೆ, ಆಟ ಮುಗಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತೇವೆ. ಉಡುಪಿನಲ್ಲಿ ದುಡಿಯುತ್ತೇವೆ, ಬೆವರುತ್ತೇವೆ, ಮಕ್ಕಳನ್ನು ಎತ್ತಿಕೊಳ್ಳುತ್ತೇವೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೊಡೆಯಬೇಕು. ಜರ್ಮನ್ ಉಡುಪು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಎರಡೇ: ಗಂಡಸರ ಚರ್ಮದ ಚಡ್ಡಿ, ಅಂದರೆ ಲೇಡರ್‌ಹೋಜನ್, ಹೆಂಗಸರ ಡಿರ್ನ್‌ಡಲ್, ಅಂದರೆ ಬಿಗಿ ರವಿಕೆಯಂಥ ಮೇಲಂಗಿ, ಒಳಗೆ ಬಿಳಿ ಕುಪ್ಪಸ, ನೆರಿಗೆಯ ಲಂಗ, ಅದರ ಮೇಲೊಂದು ಏಪ್ರನ್. ಇವೆರಡೂ ದಕ್ಷಿಣದ ಬವೇರಿಯಾ ಮತ್ತು ಆಲ್ಪ್ಸ್ ಬೆಟ್ಟಗಳ ತಪ್ಪಲಿನವು. ಉತ್ತರದ ಹ್ಯಾಂಬರ್ಗಿನವನಿಗೆ ಚರ್ಮದ ಚಡ್ಡಿ ಎಷ್ಟು ಸ್ವಂತವೋ ನಮಗೂ ಅಷ್ಟೇ ಸ್ವಂತ. ಹೆಸ್ಸೆ ಪ್ರಾಂತದ ಶ್ವಾಲ್ಮ್ ಕಡೆ ಹೆಣ್ಣುಮಕ್ಕಳ ಬಟ್ಟೆಯ ಬಣ್ಣವೇ ಅವರ ವಯಸ್ಸನ್ನು ಸಾರುತ್ತಿತ್ತು: ಕನ್ಯೆಗೆ ಕೆಂಪು, ಹೊಸ ಗೃಹಿಣಿಗೆ ಹಸಿರು, ನಡುವಯಸ್ಸಿಗೆ ನೇರಳೆ, ಮುಪ್ಪಿಗೂ ಶೋಕಕ್ಕೂ ಕಪ್ಪು. ಮಾರ್ಬರ್ಗಿನ ಸುತ್ತ ಕ್ಯಾಥೊಲಿಕ್ ಹಳ್ಳಿಯ ಬಟ್ಟೆ ಒಂದು, ಪಕ್ಕದ ಪ್ರೊಟೆಸ್ಟಂಟ್ ಹಳ್ಳಿಯದು ಇನ್ನೊಂದು. ದೊಡ್ಡ ಕೆಂಪು ಉಣ್ಣೆ ಚೆಂಡುಗಳ ಬಿಳಿ ಟೋಪಿ ಇಡೀ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಗುರುತಾಗಿ ಅಂಚೆಕಾರ್ಡುಗಳಲ್ಲಿ ಮೆರೆಯುತ್ತದೆ. ನಿಜದಲ್ಲಿ ಅದು ಗುಟಾಖ್, ಕಿರ್ನ್‌ಬಾಖ್, ರೈಷನ್‌ಬಾಖ್ ಎಂಬ ಮೂರೇ ಹಳ್ಳಿಗಳ ಟೋಪಿ. ಮದುವೆಯಾದ ಮೇಲೆ ಕೆಂಪು ಚೆಂಡು ಹೋಗಿ ಕಪ್ಪು ಚೆಂಡು ಬರುತ್ತದೆ. ಇನ್ನು ಪೂರ್ವದ ಲೌಸಿಟ್ಸ್ ಸೀಮೆಯಲ್ಲಿ ಸೋರ್ಬರಿದ್ದಾರೆ. ಜರ್ಮನಿಯೊಳಗೇ ಇದ್ದು ಸ್ಲಾವಿಕ್ ನುಡಿಯಾಡುವ ಸಣ್ಣ ಸಮುದಾಯ ಇದು. ಸಾಂಪ್ರದಾಯಿಕ ಉಡುಪನ್ನು ನಿತ್ಯ ಉಡುವವರು ಈಗಲೂ ಉಳಿದಿದ್ದರೆ ಅದು ಹೆಚ್ಚಾಗಿ ಈ ಸಮುದಾಯದ ಕೆಲವು ಮುದುಕಿಯರಲ್ಲಿ. ರಾಷ್ಟ್ರದ ಉಡುಪು ಎಂಬುದು ಮೂರು ಹಳ್ಳಿಯ ಟೋಪಿಯನ್ನು ಇಡೀ ದೇಶದ ತಲೆಗೆ ಇಡುವ ಕೆಲಸ ಎಂಬುದನ್ನು ಮರೆಯದಿರೋಣ.

ಹುಟ್ಟಿನಲ್ಲಿ ಈ ಬಟ್ಟೆಗಳಿಗೆ ಯಾವ ದೊಡ್ಡಸ್ತಿಕೆಯೂ ಇರಲಿಲ್ಲ. ಬವೇರಿಯಾದ ಆಡುನುಡಿಯಲ್ಲಿ ಡಿರ್ನ್‌ಡಲ್ ಎಂದರೆ ಹುಡುಗಿ. ತೋಟ, ಕೊಟ್ಟಿಗೆಗಳಲ್ಲಿ ದುಡಿಯುವ ಆಳುಹುಡುಗಿಗೂ ಅದೇ ಮಾತು. ಅವಳು ತೊಡುತ್ತಿದ್ದ ಕೆಲಸದ ಬಟ್ಟೆಗೆ ಅವಳ ಹೆಸರೇ ಅಂಟಿಕೊಂಡಿತು. ಏಪ್ರನ್ ಇದ್ದದ್ದು ಅಂದಕ್ಕಲ್ಲ, ಕೊಳೆ ತಡೆಯಲು. ಜಿಂಕೆಯ ಚರ್ಮವನ್ನು ಮೀನೆಣ್ಣೆಯಲ್ಲಿ ಹದಮಾಡಿ ಹೊಲಿದ ಚಡ್ಡಿ ಮುಳ್ಳಿಗೂ ಹರಿಯದೆ, ಕಲ್ಲಿಗೂ ಸವೆಯದೆ ಬಾಳುತ್ತಿತ್ತು. ತಂದೆಯದು ಮಗನಿಗೆ ಬರುತ್ತಿತ್ತು. ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ಕುಟ್ಟಿ ಗಟ್ಟಿ ಮಾಡಿದ ಲೋಡನ್ ಎಂಬ ಬಟ್ಟೆ ಮಳೆಯನ್ನು ಒಳಗೆ ಬಿಡುತ್ತಿರಲಿಲ್ಲ. ಹವೆಗೆ, ದುಡಿಮೆಗೆ, ಜೇಬಿಗೆ ತಕ್ಕ ಬಟ್ಟೆ. ಅಸ್ಮಿತೆ ಎಂಬ ಮಾತು ಆ ಆಳುಹುಡುಗಿಯ ಕಿವಿಗೆ ಎಂದೂ ಬಿದ್ದಿರಲಾರದು.

ಹಾಗೆಂದು ಹಿಂದಿನ ಕಾಲ ಬಹಳ ಸೊಗಸಾಗಿತ್ತು ಎಂದುಕೊಳ್ಳಬೇಕಾಗಿಲ್ಲ. ಯಾರು ಏನು ಉಡಬೇಕೆಂಬುದನ್ನು ಆಗ ಪ್ರಭುತ್ವವೇ ಗೆರೆ ಎಳೆದು ಹೇಳುತ್ತಿತ್ತು. 1530ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಹೊರಟ ಸಾಮ್ರಾಜ್ಯದ ಶಾಸನವೊಂದು ರೈತ, ವರ್ತಕ, ಶ್ರೀಮಂತ ಎಂಬ ಅಂತಸ್ತಿಗೆ ತಕ್ಕಂತೆ ಬಟ್ಟೆಯ ಮಿತಿ ಹಾಕಿತು. ಅದೇ ಶಾಸನ ಯಹೂದಿಗಳು ತಮ್ಮ ಅಂಗಿಯ ಮೇಲೆ ಹಳದಿ ಉಂಗುರದ ಗುರುತು ಧರಿಸಬೇಕೆಂದೂ ಹೇಳಿತು. ಅದಕ್ಕೂ ಮೊದಲು, 1215ರಲ್ಲಿ ರೋಮ್‌ನ ಲ್ಯಾಟರನ್ ಅರಮನೆಯಲ್ಲಿ ಸೇರಿದ ಚರ್ಚ್ ಮಹಾಸಭೆ ಯಹೂದಿಗಳೂ ಮುಸಲ್ಮಾನರೂ ಬಟ್ಟೆಯಿಂದಲೇ ಬೇರೆಯಾಗಿ ಕಾಣಬೇಕೆಂದು ಕಟ್ಟಳೆ ಮಾಡಿತ್ತು. ಈ ರೋಗ ಒಂದೇ ಮತದ್ದಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. 850ರಲ್ಲಿ ಅಬ್ಬಾಸಿ ಖಲೀಫ ಅಲ್ ಮುತವಕ್ಕಿಲ್ ಕ್ರೈಸ್ತರೂ ಯಹೂದಿಗಳೂ ಜೇನಿನ ಬಣ್ಣದ ಬಟ್ಟೆ ತೊಡಬೇಕೆಂದು ಫರ್ಮಾನು ಹೊರಡಿಸಿದ್ದ. ಸಿಂಹಾಸನದ ಮೇಲೆ ಕೂತವರು ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡಿದರೂ ಪ್ರಜೆಯ ಮೈಮೇಲೆ ಬರೆಯುವ ಚಪಲ ಅವರನ್ನು ಬಿಟ್ಟಿಲ್ಲ.

19ನೇ ಶತಮಾನದಲ್ಲಿ ಹಳ್ಳಿಗಳು ಈ ಬಟ್ಟೆಗಳನ್ನು ಒಂದೊಂದಾಗಿ ಬಿಡತೊಡಗಿದವು. ಕಾರ್ಖಾನೆಯ ಬಟ್ಟೆ ಅಗ್ಗವಾಯಿತು, ರೈಲು ಬಂತು. ಗಂಡಸರು ಪಟ್ಟಣಕ್ಕೆ, ಕಾರ್ಖಾನೆಗೆ ಹೋಗಿ ಮೊದಲು ಬಿಟ್ಟರು. ಹೆಂಗಸರು ನಿಧಾನವಾಗಿ ಬಿಟ್ಟರು. ಹಳ್ಳಿ ಬಿಡುತ್ತಿದ್ದುದನ್ನು ಅರಮನೆ ಎತ್ತಿಕೊಂಡಿತು. ಬವೇರಿಯಾದ ದೊರೆ ಎರಡನೆಯ ಮ್ಯಾಕ್ಸಿಮಿಲಿಯನ್ ನಾಡಿನ ಅಭಿಮಾನ ಬೆಳೆಯಲೆಂದು ಟ್ರಾಖ್ಟಿಗೆ ಪ್ರೋತ್ಸಾಹ ಕೊಟ್ಟ. 1883ರಲ್ಲಿ ಬೈರಿಷ್‌ಸೆಲ್ ಎಂಬ ಹಳ್ಳಿಯ ಶಾಲಾಮಾಸ್ತರ ಯೋಸೆಫ್ ಫೋಗ್ಲ್, ಚರ್ಮದ ಚಡ್ಡಿ ಊರಿನಿಂದಲೇ ಕಾಣೆಯಾಗುತ್ತಿದೆಯಲ್ಲ ಎಂದು ಮರುಗಿ, ಗೆಳೆಯರ ಜೊತೆ ಸೇರಿ ಮೊದಲ ಟ್ರಾಖ್ಟ್ ಸಂಘ ಕಟ್ಟಿದ. ಊರಿನವರು ನಕ್ಕರು. ಮೊಣಕಾಲು ತೋರಿಸುವ ಚಡ್ಡಿ ಸಭ್ಯವಲ್ಲವೆಂದು ಪಾದ್ರಿಗಳು ಮುಖ ಸಿಂಡರಿಸಿದರು. ಇಂದು ಪರಂಪರೆಯ ಶಿಖರವೆಂದು ಹಾಡಿಹೊಗಳುವ ಬಟ್ಟೆ ಅಂದು ಧರ್ಮದ ಕಣ್ಣಿಗೆ ಅಶ್ಲೀಲವಾಗಿತ್ತು ಎಂಬುದನ್ನು ಸಂಪ್ರದಾಯದ ಗುತ್ತಿಗೆದಾರರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅದೇ ಹೊತ್ತಿಗೆ ನಗರದ ಸಿರಿವಂತ ಹೆಂಗಸರು ಬೇಸಿಗೆ ಕಳೆಯಲು ಬೆಟ್ಟದ ಊರುಗಳಿಗೆ ಹೋಗಿ, ಅಲ್ಲಿನ ಆಳುಹುಡುಗಿಯ ಬಟ್ಟೆಯನ್ನು ರೇಷ್ಮೆಯಲ್ಲಿ ಹೊಲಿಸಿ ತೊಟ್ಟು ಸಂಭ್ರಮಿಸಿದರು. ಈ ಶೋಕಿಯನ್ನು ಒಂದು ಕಸುಬಾಗಿ ಬೆಳೆಸಿದವರು ಯೂಲಿಯುಸ್ ಮತ್ತು ಮೋರಿಟ್ಸ್ ವಾಲಾಖ್ ಎಂಬ ಅಣ್ಣತಮ್ಮಂದಿರು. 1900ರಲ್ಲಿ ಮ್ಯೂನಿಕ್‌ನಲ್ಲಿ ಅವರ ಟ್ರಾಖ್ಟ್ ಅಂಗಡಿ ತೆರೆಯಿತು. ಹಳೆಯ ಕುಸುರಿ, ಹಳೆಯ ಅಚ್ಚುಗಳನ್ನು ಹುಡುಕಿ ತಂದು, ಅವುಗಳಿಂದ ನಗರದವರೂ ತೊಡಬಲ್ಲ ಡಿರ್ನ್‌ಡಲ್ ಮಾಡಿದರು. ಮ್ಯೂನಿಕ್‌ನ ಪ್ರಸಿದ್ಧ ಅಕ್ಟೋಬರ್‌ಫೆಸ್ಟ್ ಜಾತ್ರೆ 1810ರಲ್ಲಿ ರಾಜಕುಮಾರ ಲೂಡ್‌ವಿಗ್‌ನ ಮದುವೆಯಿಂದ ಶುರುವಾದದ್ದು. ಅದಕ್ಕೆ ನೂರು ವರ್ಷ ತುಂಬಿದ 1910ರ ಮೆರವಣಿಗೆಗೆ ಉಡುಪು ಒದಗಿಸಿದವರು ಇದೇ ವಾಲಾಖ್ ಸೋದರರು, ಅದೂ ದುಡ್ಡು ತೆಗೆದುಕೊಳ್ಳದೆ. ಇವರು ಬವೇರಿಯಾದವರಲ್ಲ, ವೆಸ್ಟ್‌ಫಾಲಿಯಾ ಕಡೆಯಿಂದ ಬಂದವರು. ಯಹೂದಿಗಳು. ಜಗತ್ತು ಇಂದು ಜರ್ಮನ್ ಪರಂಪರೆ ಎಂದು ಗುರುತಿಸುವ ಹೆಣ್ಣುಡುಪಿನ ಹೆಸರುವಾಸಿಗೆ ಈ ಯಹೂದಿ ವ್ಯಾಪಾರಿಗಳ ಕಣ್ಣು ಮತ್ತು ಶ್ರಮ ದೊಡ್ಡ ಕಾರಣ.

ಮುಂದಿನ ಕಥೆ ಓದುಗರಿಗೆ ಊಹಿಸುವುದು ಕಷ್ಟವಲ್ಲ. 1938ರ ಮಾರ್ಚಿಯಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ. ಬವೇರಿಯಾದ ಗಡಿಗೆ ಅಂಟಿಕೊಂಡಿರುವ, ಅದೇ ಚರ್ಮದ ಚಡ್ಡಿ ಅದೇ ಡಿರ್ನ್‌ಡಲ್ ತೊಡುವ ಸಾಲ್ಸ್‌ಬರ್ಗ್‌ನಲ್ಲಿ ಅದೇ ವರ್ಷ ಪೊಲೀಸ್ ಆಜ್ಞೆಯೊಂದು ಹೊರಟಿತು. ಯಹೂದಿಗಳು ಲೇಡರ್‌ಹೋಜನ್, ಡಿರ್ನ್‌ಡಲ್, ಬಿಳಿ ಉದ್ದ ಕಾಲುಚೀಲ, ಟೈರೋಲ್ ಟೋಪಿ ತೊಡುವಂತಿಲ್ಲ. ತೊಟ್ಟರೆ ದಂಡ ಅಥವಾ ಜೈಲು. ವಾಲಾಖರ ಅಂಗಡಿಯನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಯೂಲಿಯುಸ್ ಮತ್ತು ಮೋರಿಟ್ಸ್ ಅಮೆರಿಕಕ್ಕೆ ಹೋಗಿ ಜೀವ ಉಳಿಸಿಕೊಂಡರು. ಅವರ ಸೋದರ ಮ್ಯಾಕ್ಸ್ ವಾಲಾಖ್ 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲೆಯಾದ. ಇತ್ತ ಇನ್ಸ್‌ಬ್ರುಕ್‌ನಲ್ಲಿ ಗೆರ್ಟ್ರೂಡ್ ಪೆಸೆಂಡೋರ್ಫರ್ ಎಂಬಾಕೆ ನಾಜಿ ಮಹಿಳಾ ಸಂಘಟನೆಯ ಟ್ರಾಖ್ಟ್ ಕೇಂದ್ರದ ಮುಖ್ಯಸ್ಥೆಯಾಗಿ ಡಿರ್ನ್‌ಡಲ್ಲಿಗೆ ಹೊಸ ರೂಪ ಕೊಟ್ಟಳು. ಚರ್ಚಿನ ನೆನಪು ತರುವ ಮುಚ್ಚಿದ ಕೊರಳಪಟ್ಟಿ ಹೋಯಿತು, ಸೊಂಟ ಬಿಗಿಯಾಯಿತು. ಪುರಾತನ ಎಂದು ಇಂದು ನಾವು ನೋಡುವ ಡಿರ್ನ್‌ಡಲ್ಲಿನ ಆಕಾರದಲ್ಲಿ ಆ ಕಾಲದ ಕತ್ತರಿಯ ಗುರುತು ಇದೆ.

1938ರಲ್ಲಿ ಯಹೂದಿಗೆ ಡಿರ್ನ್‌ಡಲ್ ತೊಡಬೇಡ ಎಂದ ಕೈ, 1941ರ ಸೆಪ್ಟೆಂಬರಿನಲ್ಲಿ ಹಳದಿ ನಕ್ಷತ್ರ ತೊಡಲೇಬೇಕು ಎಂದಿತು. ಬೇಡ ಎನ್ನುವುದೂ ಬೇಕು ಎನ್ನುವುದೂ ಮೇಲ್ನೋಟಕ್ಕೆ ವಿರುದ್ಧ ಮಾತುಗಳು. ಆದರೆ ಎರಡರ ಹಿಂದೆಯೂ ಇರುವ ದಾವೆ ಒಂದೇ: ನಿನ್ನ ಮೈಯ ಯಜಮಾನ ನೀನಲ್ಲ. ಉಡುಪಿನ ನೀತಿಯನ್ನು ಕುರಿತು ಯಾರೇ ಯೋಚಿಸಲಿ, ಈ ಮೂರು ವರ್ಷಗಳನ್ನು ದಾಟಿಯೇ ಹೋಗಬೇಕು ಎಂದು ನಾವು ತಿಳಿದಿದ್ದೇವೆ.

ಯುದ್ಧದ ನಂತರ ಓದುಬರಹ ಬಲ್ಲ ಬಹಳಷ್ಟು ಜರ್ಮನ್ನರಿಗೆ ಟ್ರಾಖ್ಟ್ ಮುಜುಗರದ ವಸ್ತುವಾಯಿತು. ಹಳ್ಳಿಯ ಸಂಘಗಳು, ಬೆಟ್ಟದ ರೈತರು, ಜಾತ್ರೆಯ ಬ್ಯಾಂಡಿನವರು ಅದನ್ನು ಉಳಿಸಿಕೊಂಡರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅತಿಥಿಗಳನ್ನು ಸ್ವಾಗತಿಸಿದ ಯುವತಿಯರಿಗೆ ತಿಳಿನೀಲಿ ಡಿರ್ನ್‌ಡಲ್ ತೊಡಿಸಲಾಗಿತ್ತು. ಅವರಲ್ಲೊಬ್ಬಳು ಸಿಲ್ವಿಯಾ ಮುಂದೆ ಸ್ವೀಡನ್ನಿನ ರಾಣಿಯಾದಳು. ಹೊಸ ಜರ್ಮನಿ ತಾನು ಬದಲಾಗಿದ್ದೇನೆಂದು ಜಗತ್ತಿಗೆ ಹೇಳಲು ಹಳೆಯ ಬಟ್ಟೆಯ ಮೊರೆಹೋದದ್ದು ವಿಚಿತ್ರವೂ ಹೌದು, ಅರ್ಥಪೂರ್ಣವೂ ಹೌದು. ಆದರೂ 1970, 80ರ ದಶಕಗಳಲ್ಲಿ ಅಕ್ಟೋಬರ್‌ಫೆಸ್ಟಿಗೆ ಹೋಗುವ ಯುವಕರು ಸಾಮಾನ್ಯವಾಗಿ ಜೀನ್ಸ್ ಹಾಕಿಯೇ ಹೋಗುತ್ತಿದ್ದರು. 2000ದ ಆಚೀಚೆ ಗಾಳಿ ತಿರುಗಿತು. ಲ್ಯಾಪ್‌ಟಾಪ್ ಮತ್ತು ಲೇಡರ್‌ಹೋಜನ್ ಎಂಬ ಜೋಡಿಮಾತು ಬವೇರಿಯಾದ ರಾಜಕಾರಣದ ಘೋಷಣೆಯಾಯಿತು. ಈಗ ಆ ಜಾತ್ರೆಗೆ ಜೀನ್ಸ್ ಹಾಕಿ ಹೋದವನೇ ಬೇರೆಯಾಗಿ ಕಾಣುತ್ತಾನೆ.

ಈ ಜೀನ್ಸ್ ಕಥೆಯೂ ಸ್ವಾರಸ್ಯವಾಗಿದೆ. ಜಗತ್ತನ್ನೆಲ್ಲ ಒಂದೇ ಬಟ್ಟೆಗೆ ಇಳಿಸಿದ ಜೀನ್ಸಿನ ವಿರುದ್ಧ ನಮ್ಮ ನೆಲದ ಉಡುಪು ಎಂದು ಟ್ರಾಖ್ಟಿನ ಅಭಿಮಾನಿಗಳು ಹೇಳುವುದುಂಟು. ಜೀನ್ಸಿಗೆ ಹೆಸರು ತಂದ ಲೀವೈ ಸ್ಟ್ರಾಸ್ ಹುಟ್ಟಿದ್ದು 1829ರಲ್ಲಿ, ಬವೇರಿಯಾದ ಬುಟನ್‌ಹೈಮ್ ಎಂಬ ಹಳ್ಳಿಯ ಬಡ ಯಹೂದಿ ಕುಟುಂಬದಲ್ಲಿ. ಅಮೆರಿಕಕ್ಕೆ ವಲಸೆ ಹೋಗಿ, ಜೇಕಬ್ ಡೇವಿಸ್ ಎಂಬ ದರ್ಜಿಯ ಜೊತೆ 1873ರಲ್ಲಿ ತಾಮ್ರದ ಮೊಳೆ ಹೊಡೆದ ದುಡಿಮೆಯ ಷರಾಯಿಗೆ ಪೇಟೆಂಟ್ ಪಡೆದ. ಇನ್ನೊಂದು ಕಡೆ, ಅಕ್ಟೋಬರ್‌ಫೆಸ್ಟಿಗೆಂದು ಮಾರುವ ಅಗ್ಗದ ಚರ್ಮದ ಚಡ್ಡಿಗಳಲ್ಲಿ ಬಹಳಷ್ಟು ಪಾಕಿಸ್ತಾನ, ಭಾರತದಂಥ ದೇಶಗಳಲ್ಲಿ ಹೊಲಿಗೆಯಾಗಿ ಹೋಗುತ್ತವೆ. ಸಿಯಾಲ್‌ಕೋಟಿನ ಚರ್ಮದ ಕಾರ್ಖಾನೆಗಳಿಗೆ ಇದೊಂದು ವ್ಯಾಪಾರವೇ ಆಗಿದೆ. ಜರ್ಮನ್ನರು ಸ್ವಂತದ್ದೆಂದು ತೊಡುವ ಚಡ್ಡಿಯ ಹೊಲಿಗೆ ಪಂಜಾಬಿ ಮಾತಾಡುವ ಕೈಗಳದ್ದು. ಇದರ ತಿರುಗುಮುರುಗು ನಮ್ಮ ಕರಾವಳಿಯಲ್ಲೇ ನಡೆದಿದೆ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣದ ಬಟ್ಟೆ ತಯಾರಿಸಿದ. ಖಾಕಿಯನ್ನು ಜರ್ಮನ್ ಬಟ್ಟೆ ಎಂದು ಯಾರಾದರೂ ಕರೆದದ್ದುಂಟೇ? ದಾರಕ್ಕೆ ರಕ್ತಸಂಬಂಧ ಇರುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಮಂಗಳವಾರ ಟ್ರಾಮಿನಲ್ಲಿ ಕೂತ ಆ ಹೆಣ್ಣುಮಗಳ ವಿರುದ್ಧ ಮೂರು ಆಕ್ಷೇಪಗಳನ್ನು ಎತ್ತಬಹುದು. ಒಂದೊಂದನ್ನೂ ಗಂಭೀರವಾಗಿ ತೆಗೆದುಕೊಳ್ಳೋಣ.

ಮೊದಲನೆಯದು, ಇದು ಕಟ್ಟಿದ ಪರಂಪರೆ, ಆದ್ದರಿಂದ ಸುಳ್ಳು ಎಂಬ ಮಾತು. 1983ರಲ್ಲಿ ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ ಪುಸ್ತಕವೊಂದು, ಪುರಾತನವೆಂದು ನಂಬಿದ ಅನೇಕ ಆಚರಣೆಗಳು ಈಚಿನ ಸೃಷ್ಟಿಗಳೆಂದು ತೋರಿಸಿಕೊಟ್ಟ ಮೇಲೆ, ಯಾವ ಪರಂಪರೆಯನ್ನು ಕಂಡರೂ ನಗುವುದು ವಿದ್ಯಾವಂತರಿಗೆ ರೂಢಿಯಾಗಿದೆ. ಡಿರ್ನ್‌ಡಲ್ಲಿನ ಏಪ್ರನ್ ಗಂಟು ಎಡಕ್ಕಿದ್ದರೆ ಅವಿವಾಹಿತೆ, ಬಲಕ್ಕಿದ್ದರೆ ವಿವಾಹಿತೆ ಎಂದು ಇಂದು ಎಲ್ಲರೂ ಹೇಳುವ ನಿಯಮವೂ ಹಳೆಯದಲ್ಲ, ಈಚಿನದು. ಆದರೆ ಹೊಸದಾಗಿರುವುದೇ ಸುಳ್ಳಾಗುವುದೇ? ಎಲ್ಲ ಪದ್ಧತಿಯನ್ನೂ ಯಾರೋ ಒಬ್ಬರು ಎಂದೋ ಒಂದು ದಿನ ಶುರುಮಾಡಿದ್ದೇ. ನೂರು ವರ್ಷದ ಬಟ್ಟೆಯನ್ನು ಪ್ರೀತಿಯಿಂದ ತೊಡುವುದರಲ್ಲಿ ಸುಳ್ಳಿಲ್ಲ. ಸಾವಿರ ವರ್ಷದಿಂದ ಹೀಗೇ ಇತ್ತು, ಆದ್ದರಿಂದ ನೀನೂ ಹೀಗೇ ಇರು ಎನ್ನುವಾಗ ಸುಳ್ಳು ಹುಟ್ಟುತ್ತದೆ. ವಯಸ್ಸಿನ ಬಗ್ಗೆ ಸುಳ್ಳು ಹೇಳುವವರು ಸಾಮಾನ್ಯವಾಗಿ ಅಧಿಕಾರದ ಆಸೆಯಿಂದಲೇ ಹೇಳುತ್ತಾರೆ.

ಎರಡನೆಯದು, ನಾಜಿಗಳು ಮುಟ್ಟಿದ ಬಟ್ಟೆ ಮೈಲಿಗೆಯಾಗಿದೆ ಎಂಬ ಮಾತು. ಇದರ ಹಿಂದಿನ ನೋವನ್ನು ನಾವು ಗೌರವಿಸುತ್ತೇವೆ. ತನ್ನ ಮನೆಯವರನ್ನು ಕೊಂದವರು ತೊಟ್ಟಿದ್ದ ಬಟ್ಟೆ ಕಂಡು ಒಬ್ಬ ಮುದುಕಿಯ ಕರುಳು ಹಿಂಡಿದರೆ ಅವಳಿಗೆ ಇತಿಹಾಸದ ಪಾಠ ಹೇಳುವ ಯೋಗ್ಯತೆ ಯಾರಿಗೂ ಇಲ್ಲ. ಆದರೂ ಒಂದು ಮಾತು. ಡಿರ್ನ್‌ಡಲ್ ನಾಜಿಗಳದ್ದು ಎಂದು ಕೈತೊಳೆದುಕೊಂಡರೆ 1938ರ ಆಜ್ಞೆಗೆ ನಾವೇ ಸಹಿ ಹಾಕಿದಂತಾಗುವುದಿಲ್ಲವೇ? ಅದು ವಾಲಾಖರದ್ದಾಗಿತ್ತು. ಅದನ್ನು ಪ್ರೀತಿಯಿಂದ ತೊಡುತ್ತಿದ್ದ ಸಾವಿರಾರು ಯಹೂದಿ ಮನೆಗಳದ್ದಾಗಿತ್ತು. ಕದ್ದವನ ಹೆಸರಿಗೆ ಆಸ್ತಿ ಬರೆದುಕೊಡುವುದು ಯಾವ ನ್ಯಾಯ? ಮ್ಯೂನಿಕ್‌ನಲ್ಲಿ 2007ರಲ್ಲಿ ಬಾಗಿಲು ತೆರೆದ ಯಹೂದಿ ವಸ್ತುಸಂಗ್ರಹಾಲಯ ವಾಲಾಖ್ ಸೋದರರ ಕೆಲಸವನ್ನು ಕುರಿತು ಪ್ರದರ್ಶನ ಏರ್ಪಡಿಸಿದ್ದು ಈ ಲೆಕ್ಕವನ್ನು ಸರಿಮಾಡುವ ಒಂದು ಪ್ರಯತ್ನ. ಬಟ್ಟೆಯನ್ನು ಸುಟ್ಟರೆ ನೆನಪೂ ಸುಡುತ್ತದೆ. ತಿಳಿದು ತೊಟ್ಟರೆ ನೆನಪು ಬೀದಿಯಲ್ಲಿ ಓಡಾಡುತ್ತದೆ.

ಮೂರನೆಯದು ಹೆಣ್ಣಿನ ಮೈಗೆ ಸಂಬಂಧಪಟ್ಟದ್ದು, ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಷ್ಟದ ಆಕ್ಷೇಪ. ಹಳ್ಳಿಯ ಗಂಡಸು ಕೋಟು ಪ್ಯಾಂಟಿಗೆ ಬದಲಾದ ಮೇಲೂ ಪರಂಪರೆಯನ್ನು ಹೊರುವ ಕೆಲಸ ಹೆಂಗಸಿನ ಮೈಗೇ ಉಳಿದದ್ದು ಜರ್ಮನಿಯಲ್ಲಷ್ಟೇ ಅಲ್ಲ. 2013ರ ಜನವರಿಯಲ್ಲಿ ಅಲ್ಲಿನ ವಾರಪತ್ರಿಕೆಯ ಯುವ ವರದಿಗಾರ್ತಿಯೊಬ್ಬಳು, ಹಿರಿಯ ರಾಜಕಾರಣಿ ರೈನರ್ ಬ್ರೂಡರ್ಲೆ ತನ್ನ ಮೈಕಟ್ಟು ನೋಡಿ ನಿನಗೆ ಡಿರ್ನ್‌ಡಲ್ ಚೆನ್ನಾಗಿ ತುಂಬುತ್ತದೆ ಎಂಬರ್ಥದ ಮಾತಾಡಿದ್ದನ್ನು ಬರೆದಳು. ದೇಶದ ತುಂಬ ಹೆಣ್ಣುಮಕ್ಕಳು ತಮಗಾದ ಇಂಥ ಅನುಭವಗಳನ್ನು ಹೇಳಿಕೊಳ್ಳತೊಡಗಿದರು. ಅವಳು ಅಂದು ಡಿರ್ನ್‌ಡಲ್ ತೊಟ್ಟೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನೋಡುವವನ ಕಣ್ಣೇ ಅವಳಿಗೆ ಅದನ್ನು ತೊಡಿಸಿತ್ತು. ಮುಚ್ಚಿಕೋ ಎನ್ನುವವನೂ ತೆರೆದುಕೋ ಎನ್ನುವವನೂ ಹೆಣ್ಣನ್ನು ನೋಡುವ ದಾರಿ ಒಂದೇ. ಅವಳು ತನ್ನ ಸುಖಕ್ಕೆ, ತನ್ನ ಅಳತೆಗೆ ಹೊಲಿಸಿಕೊಂಡದ್ದು ಅವಳ ಉಡುಪು. ಇವನ ಕಣ್ಣಿನ ಅಳತೆಗೆ ಹೊಲಿದದ್ದು ವೇಷ.

ಇಲ್ಲಿಗೆ ನಿತ್ಯದ ಉಡುಗೆ ಎಂಬ ಮಾತಿಗೆ ಬರುತ್ತೇವೆ. ವರ್ಷಕ್ಕೊಮ್ಮೆ ಬಿಯರ್ ಡೇರೆಯಲ್ಲಿ ಲಕ್ಷಾಂತರ ಜನ ಟ್ರಾಖ್ಟ್ ತೊಟ್ಟು ಕುಣಿಯುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಒಬ್ಬಳು ಮಂಗಳವಾರ ಕಚೇರಿಗೆ ತೊಟ್ಟು ಹೋದರೆ ಹುಬ್ಬೇರುತ್ತದೆ. ನಮಗೆ ಇದು ತಲೆಕೆಳಗಾದ ತರ್ಕವಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ಬಟ್ಟೆಗೆ ಬಾವುಟದ ಗುಣ ಬರುತ್ತದೆ. ಅದಕ್ಕೆ ಕಲೆ ತಾಗಬಾರದು, ಅದು ಸುಕ್ಕಾಗಬಾರದು, ಅದರ ಬಗ್ಗೆ ತಮಾಷೆ ಮಾಡಬಾರದು. ದಿನವೂ ತೊಡುವ ಬಟ್ಟೆಗೆ ಕಾಫಿ ಚೆಲ್ಲುತ್ತದೆ, ಗುಂಡಿ ಕಿತ್ತುಹೋಗುತ್ತದೆ, ಮೊಣಕೈ ಸವೆಯುತ್ತದೆ. ಮೂರು ತಿಂಗಳಾದ ಮೇಲೆ ನೆರೆಯವರು ಅದನ್ನು ನೋಡುವುದನ್ನೇ ಬಿಡುತ್ತಾರೆ, ತೊಟ್ಟವರನ್ನು ನೋಡುತ್ತಾರೆ. ಅಂದು ಅದು ಮತ್ತೆ ಆಳುಹುಡುಗಿಯ ಬಟ್ಟೆಯಷ್ಟು ಸಹಜವಾಗುತ್ತದೆ. ಪರಂಪರೆಯನ್ನು ಮತಾಂಧರ ಕೈಯಿಂದ ಬಿಡಿಸಿಕೊಳ್ಳಲು ಅದನ್ನು ಸಂತೆಗೆ, ಅಡುಗೆಮನೆಗೆ, ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುವುದಕ್ಕಿಂತ ಒಳ್ಳೆಯ ಉಪಾಯ ನಮಗೆ ತೋಚುತ್ತಿಲ್ಲ.

ಇದು ಬರಿಯ ಕಲ್ಪನೆಯ ಮಾತಲ್ಲ. ಜರ್ಮನಿಯ ರಸ್ತೆಗಳಲ್ಲಿ ಇಂದಿಗೂ ಕಪ್ಪು ಕಾರ್ಡುರಾಯ್ ಬಟ್ಟೆಯ ಅಗಲ ಪಾದದ ಪ್ಯಾಂಟು, ಬಿಳಿ ಅಂಗಿ, ಎಂಟು ಗುಂಡಿಯ ವೇಸ್ಟ್‌ಕೋಟು, ಆರು ಗುಂಡಿಯ ಜಾಕೆಟ್ಟು, ಅಗಲ ಅಂಚಿನ ಕಪ್ಪು ಟೋಪಿ ಹಾಕಿ, ಬಟ್ಟೆಯ ಗಂಟು ಹೊತ್ತು ಓಡಾಡುವ ಯುವಕರು ಕಾಣಸಿಗುತ್ತಾರೆ. ಇವರು ಬಡಗಿಗಳು, ಛಾವಣಿ ಕೆಲಸದವರು. ಕಸುಬು ಕಲಿತ ಮೇಲೆ ಮೂರು ವರ್ಷ ಒಂದು ದಿನ ಊರೂರು ತಿರುಗಿ ದುಡಿಯುವ ಹಳೆಯ ಪದ್ಧತಿಯವರು. ಎಂಟು ಗುಂಡಿ ದಿನದ ಎಂಟು ತಾಸಿನ ದುಡಿಮೆಗೆ, ಆರು ಗುಂಡಿ ವಾರದ ಆರು ದಿನಕ್ಕೆ ಎನ್ನುತ್ತಾರೆ. ಈ ಅವಧಿಯಲ್ಲಿ ಅವರು ತಮ್ಮ ಊರಿನ 50 ಕಿಲೋಮೀಟರ್ ಸುತ್ತಳತೆಗೆ ಕಾಲಿಡುವಂತಿಲ್ಲ. ಮದುವೆಯಾಗಿರಬಾರದು, ಸಾಲ ಇರಬಾರದು. ಈಗ ಹೆಣ್ಣುಮಕ್ಕಳೂ ಹೊರಡುತ್ತಾರೆ. ಇವರನ್ನು ಯಾರೂ ವೇಷಧಾರಿಗಳೆನ್ನುವುದಿಲ್ಲ. ಏಕೆಂದರೆ ಆ ಬಟ್ಟೆಯ ಜೊತೆ ಒಂದು ಹೊರೆ ಇದೆ. ತೊಟ್ಟವನು ದಾರಿಯಲ್ಲಿ ಸಿಕ್ಕವರೊಡನೆ ಸಭ್ಯನಾಗಿರಬೇಕು, ತನ್ನ ಹಿಂದೆ ಅದೇ ಬಟ್ಟೆಯಲ್ಲಿ ಬರುವವನಿಗೂ ಬಾಗಿಲು ತೆರೆಯುವಂತೆ ನಡೆದುಕೊಳ್ಳಬೇಕು. ಟ್ರಾಖ್ಟ್ ಎಂಬ ಮಾತಿನಲ್ಲಿ ತೊಡುವುದೂ ಹೊರುವುದೂ ಒಂದಾಗಿರುವುದು ಇವರಲ್ಲಿ ನಿಜವಾಗಿದೆ.

ಹಾಗಾದರೆ ಉಡುಪು ವೇಷವಾಗುವುದು ಯಾವಾಗ? ಹೊರೆ ಬೇಡ, ಹಕ್ಕು ಮಾತ್ರ ಬೇಕು ಎಂದಾಗ. ನಾನು ಇದನ್ನು ತೊಟ್ಟಿದ್ದೇನೆ, ಆದ್ದರಿಂದ ಈ ನೆಲ ನಿನಗಿಂತ ನನಗೆ ಹೆಚ್ಚು ಸೇರಿದ್ದು ಎಂದಾಗ. ಇದನ್ನು ಪರೀಕ್ಷಿಸಲು ತೊಟ್ಟವಳ ಮನಸ್ಸಿನೊಳಗೆ ಇಣುಕಬೇಕಾಗಿಲ್ಲ, ಅವಳ ಪಕ್ಕದ ಸೀಟನ್ನು ನೋಡಿದರೆ ಸಾಕು. ಕ್ಯಾಮರೂನ್ ಮೂಲದ ಇಬ್ಬರು ಸೋದರಿಯರು ಮ್ಯೂನಿಕ್‌ನಲ್ಲಿ ನೋಹ್ ನೀ ಎಂಬ ಹೆಸರಿನಲ್ಲಿ ಆಫ್ರಿಕದ ಬಣ್ಣಬಣ್ಣದ ಬಟ್ಟೆಗಳಿಂದ ಡಿರ್ನ್‌ಡಲ್ ಹೊಲಿದರು. ಅದನ್ನು ಕಂಡು ಸಂತೋಷಪಡುವವರಿಗೆ ಉಡುಪು ಉಡುಪೇ. ನಮ್ಮದನ್ನು ಕೆಡಿಸಿದರು ಎಂದು ಕೆರಳುವವರ ಮೈಮೇಲೆ ಅದೇ ಬಟ್ಟೆ ಕಾವಲುಗಾರನ ಸಮವಸ್ತ್ರವಾಗಿಬಿಡುತ್ತದೆ.

ಪಕ್ಕದ ಸೀಟಿನಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿದ ಟೀಚರ್ ಒಬ್ಬಳು ಕೂತಿದ್ದಾಳೆ ಎಂದುಕೊಳ್ಳೋಣ. ಇದು ಎಳೆದು ತಂದ ಉದಾಹರಣೆಯಲ್ಲ. ಸ್ಟುಟ್‌ಗಾರ್ಟ್ ಕಡೆ ಸ್ಕಾರ್ಫಿನ ಕಾರಣಕ್ಕೆ ಶಿಕ್ಷಕಿಯ ಕೆಲಸ ಸಿಗದ ಫೆರೆಶ್ತಾ ಲೂದಿನ್ ಹೂಡಿದ ಮೊಕದ್ದಮೆಯಲ್ಲಿ, ಕಾನೂನಿಲ್ಲದೆ ಹಾಗೆ ನಿಷೇಧಿಸುವಂತಿಲ್ಲ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2003ರಲ್ಲಿ ಹೇಳಿತು. ಕೂಡಲೇ ಹಲವು ರಾಜ್ಯಗಳು ಕಾನೂನು ಮಾಡಿದವು. ಬವೇರಿಯಾ 2004ರಲ್ಲಿ ಮಾಡಿತು. ಸ್ಕಾರ್ಫ್ ಕಟ್ಟಿದ ಶಿಕ್ಷಕಿಗೆ ತರಗತಿಯ ಬಾಗಿಲು ಮುಚ್ಚಿತು, ಕ್ರೈಸ್ತ ಸನ್ಯಾಸಿನಿಯ ನಿಲುವಂಗಿಗೆ ತೆರೆದೇ ಇತ್ತು. 2015ರಲ್ಲಿ ಅದೇ ನ್ಯಾಯಾಲಯ, ಶಾಲೆಯ ಶಾಂತಿಗೆ ನಿಜವಾದ ಅಪಾಯ ಕಾಣದೆ ಸಾರಾಸಗಟು ನಿಷೇಧ ಹೇರುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಆಮೇಲೂ, 2017ರಲ್ಲಿ, ಗೃಹಮಂತ್ರಿ ಥಾಮಸ್ ದ ಮೆಜಿಯೇರ್ ದೇಶದ ಮುಖ್ಯ ಸಂಸ್ಕೃತಿ ಯಾವುದೆಂದು ಪಟ್ಟಿಮಾಡುತ್ತ, ಬುರ್ಖಾ ನಾವಲ್ಲ ಎಂದು ಸಾರಿದರು. ಒಂದು ದೇಶ ತಾನು ಯಾರು ಎಂಬುದನ್ನು ಹೇಳಲು ತಾನು ಯಾವ ಬಟ್ಟೆಯಲ್ಲ ಎಂಬಲ್ಲಿಂದ ಶುರುಮಾಡಿದರೆ ಅದರ ಆತ್ಮವಿಶ್ವಾಸದ ಬಗ್ಗೆಯೇ ಅನುಮಾನ ಬರುತ್ತದೆ.

ಡಿರ್ನ್‌ಡಲ್ ತೊಟ್ಟವಳೂ ಸ್ಕಾರ್ಫ್ ಕಟ್ಟಿದವಳೂ ಬೇರೆ ಬೇರೆ ಕಾರಣಕ್ಕೆ ತೊಟ್ಟಿದ್ದಾರೆ, ನಿಜ. ಒಬ್ಬಳದು ನೆಲದ ನೆನಪು, ಇನ್ನೊಬ್ಬಳದು ನಂಬಿಕೆ. ಆದರೆ ಇಬ್ಬರೂ ಒಂದೇ ಪ್ರಶ್ನೆಯ ಎದುರು ಕೂತಿದ್ದಾರೆ: ಯಾಕೆ ತೊಟ್ಟೆ, ಯಾರು ತೊಡಿಸಿದರು, ಇದರ ಹಿಂದೆ ಯಾವ ಹುನ್ನಾರವಿದೆ? ಬಲವಂತ ಎಲ್ಲೂ ಇಲ್ಲವೆಂದು ನಾವು ಹೇಳುವುದಿಲ್ಲ. ಅದು ಮನೆಯೊಳಗಿರಲಿ, ಸರ್ಕಾರದಿಂದ ಬರಲಿ, ಪ್ರತಿಭಟಿಸಬೇಕಾದದ್ದೇ. ಆದರೆ ಒಬ್ಬಳ ಉತ್ತರವನ್ನು ನಂಬಿ ಇನ್ನೊಬ್ಬಳದನ್ನು ಅನುಮಾನಿಸಿದರೆ ನಾವು ಸೀದಾ ಸಾಲ್ಸ್‌ಬರ್ಗಿನ ಆ ಪೊಲೀಸ್ ಕಚೇರಿಗೆ ಹಿಂತಿರುಗುತ್ತೇವೆ. ತನಗೆ ಬೇಕಾದ ಸ್ವಾತಂತ್ರ್ಯವನ್ನು ಪಕ್ಕದವಳಿಗೂ ಬೇಡುವ ಹೆಣ್ಣುಮಗಳು, ಇಷ್ಟವಾಯಿತು ತೊಟ್ಟೆ ಎಂದಷ್ಟೇ ಹೇಳಿದರೂ ಸಾಕು. ಅವಳ ಮಾತನ್ನು ನಂಬುವುದು ನಮ್ಮ ಕರ್ತವ್ಯ. ಆ ಸ್ವಾತಂತ್ರ್ಯವನ್ನು ತನಗೆ ಮಾತ್ರ ಇಟ್ಟುಕೊಳ್ಳುವವರು ಎಷ್ಟೇ ಶುದ್ಧ ಜಿಂಕೆ ಚರ್ಮ ತೊಟ್ಟರೂ, ಎಷ್ಟೇ ನಿಯಮದಿಂದ ಗಂಟು ಕಟ್ಟಿದರೂ ಅದು ಪರಂಪರೆಯಾಗಲಾರದು.

ನೋಟ ಪರರಿಚ್ಛೆ ಎಂದ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪರರ ಕಣ್ಣಿಗೆ ನೋವಾಗದಂತೆ ಉಡು ಎಂಬ ಸೌಜನ್ಯ ಅದರಲ್ಲಿದೆ. ಆದರೆ ಪರರ ಇಚ್ಛೆ ಎಂಬುದು ಪರರ ಆಜ್ಞೆಯಾಗಬಾರದು. ಉಡುವವರಿಗೆ ಎಷ್ಟು ಸೌಜನ್ಯ ಬೇಕೋ ನೋಡುವವರಿಗೂ ಅಷ್ಟೇ ಬೇಕು. ಮ್ಯೂನಿಕ್‌ನ ಆ ಟ್ರಾಮಿನಲ್ಲಿ ಇಬ್ಬರೂ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಒಮ್ಮೆ ನೋಡಿ, ಆಮೇಲೆ ತಮ್ಮ ತಮ್ಮ ಕೆಲಸದ ಚಿಂತೆಯಲ್ಲಿ ಮುಳುಗಿ, ತಮ್ಮ ಸ್ಟಾಪ್ ಬಂದಾಗ ಇಳಿದು ಹೋಗುವಂತಾದರೆ ಅದಕ್ಕಿಂತ ದೊಡ್ಡ ನಾಗರಿಕತೆ ಬೇರೊಂದಿಲ್ಲ.